ಲಾಡರ್‌ಹಿಲ್ ಎಂಬ ಊರು, ಅಲ್ಲಿನ ಕೆರಿಬಿಯನ್ ಮಂದಿ



ನಿಮ್ಮಲ್ಲಿ ಕ್ರಿಕೆಟ್ ಹುಚ್ಚಿನವರಿದ್ದರೆ 2016ರ ಆಗಸ್ಟ್ 27ರ ಪಂದ್ಯ ನೆನಪಿರಬಹುದು. ವೆಸ್ಟ್ ಇಂಡೀಸ್ ತಂಡ 20 ಓವರಿನಲ್ಲಿ 245 ರನ್ ಬಾರಿಸಿತು. ಬೆನ್ನಟ್ಟಿ ಹೋದ ಭಾರತ 244ಕ್ಕೆ ನಿಂತಿತು. ಒಂದೇ ಒಂದು ರನ್ನಿನ ಸೋಲು! ಬೆಂಗಳೂರಿನಲ್ಲಿ ಹುಟ್ಟಿ ಸುರತ್ಕಲ್‌ನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್ 51 ಚೆಂಡುಗಳಲ್ಲಿ 110 ರನ್ ಹೊಡೆದು ಔಟಾಗದೆ ಉಳಿದಿದ್ದರು. ಕೊನೆಯ ಚೆಂಡಿಗೆ ಧೋನಿ ಕ್ಯಾಚ್ ಕೊಟ್ಟರು. ಕಾಸರಗೋಡಿನ ಕಡೆಯ ಹುಡುಗರು ಆ ರಾತ್ರಿ ನಿದ್ದೆ ಮಾಡಿರಲಾರರು.

ಆ ಪಂದ್ಯ ಜಮೈಕಾದಲ್ಲೋ ಬಾರ್ಬಡೋಸಿನಲ್ಲೋ ನಡೆಯಿತೆಂದು ಅನೇಕರು ತಿಳಿದಿದ್ದಾರೆ. ಅದು ನಡೆದದ್ದು ಅಮೆರಿಕದಲ್ಲಿ, ಲಾಡರ್‌ಹಿಲ್ ಎಂಬ ಸಣ್ಣ ಊರಿನಲ್ಲಿ. ಬೇಸ್‌ಬಾಲ್ ಬಿಟ್ಟರೆ ಬ್ಯಾಟು ಹಿಡಿಯಲರಿಯದ ದೇಶದಲ್ಲಿ ಸರ್ಕಾರಿ ಹಣದಿಂದ ಕ್ರಿಕೆಟ್ ಮೈದಾನ ಕಟ್ಟಿದ್ದೇಕೆ? ಕಟ್ಟಿಸಿಕೊಂಡವರು ಯಾರು? ಈ ಹೊತ್ತು ಆ ಊರಿನ ಸಂಗತಿಯನ್ನೇ ನಿಮಗೆ ಹೇಳಬೇಕೆಂದಿದ್ದೇನೆ. ಗಡಿಯಲ್ಲಿ ಕುಳಿತು ಎರಡು ನುಡಿಗಳಲ್ಲಿ ಬದುಕುವ ನಮಗೆ ಅದು ಅಷ್ಟೇನೂ ದೂರದ ಊರಲ್ಲವೆಂದು ಕೇಳುತ್ತ ಹೋದಂತೆ ನಿಮಗೇ ಅನ್ನಿಸಬಹುದು.

ಅಮೆರಿಕದ ಭೂಪಟ ತೆರೆದರೆ ಬಲಗಡೆ ಕೆಳಮೂಲೆಯಲ್ಲಿ ಹೆಬ್ಬೆರಳಿನಂತೆ ಸಮುದ್ರಕ್ಕೆ ಚಾಚಿಕೊಂಡಿರುವುದೇ ಫ್ಲಾರಿಡಾ ರಾಜ್ಯ. ಅದರ ತುದಿಯ ಹತ್ತಿರ ಮಯಾಮಿ ಮಹಾನಗರ. ಅಲ್ಲಿಂದ ಉತ್ತರಕ್ಕೆ ಸುಮಾರು 45 ಕಿಲೋಮೀಟರ್ ಹೋದರೆ ಫೋರ್ಟ್ ಲಾಡರ್‌ಡೇಲ್ ಎಂಬ ಕಡಲ ಬದಿಯ ನಗರ. ಅದರ ಪಶ್ಚಿಮಕ್ಕೆ, ಕಡಲಿಗೆ ಬೆನ್ನು ಮಾಡಿ ಕುಳಿತಿದೆ ನಮ್ಮ ಲಾಡರ್‌ಹಿಲ್. ಊರಿನ ವಿಸ್ತಾರ 22 ಚದರ ಕಿಲೋಮೀಟರ್. 2020ರ ಜನಗಣತಿಯಂತೆ ಜನಸಂಖ್ಯೆ 74,482. ನಮ್ಮ ಒಂದು ಸಾಧಾರಣ ತಾಲೂಕು ಪಟ್ಟಣದಷ್ಟು ಎಂದಿಟ್ಟುಕೊಳ್ಳಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ದೊಡ್ಡ ಪಟ್ಟಣ ಬೆಳೆದಂತೆಲ್ಲ ಸುತ್ತಲಿನ ಹಳ್ಳಿಗಳನ್ನು ನುಂಗಿಕೊಳ್ಳುತ್ತದೆ. ಹಳ್ಳಿ ಹೋಗಿ ವಾರ್ಡ್ ಆಗುತ್ತದೆ. ಅಲ್ಲಿ ಹಾಗಲ್ಲ. ಲಾಡರ್‌ಹಿಲ್ ಸೇರಿರುವುದು ಬ್ರೋವರ್ಡ್ ಎಂಬ ಕೌಂಟಿಗೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಆ ಒಂದು ಜಿಲ್ಲೆಯಲ್ಲಿ 31 ಪುರಸಭೆಗಳಿವೆ. ರಸ್ತೆಯ ಈಚೆ ಬದಿ ಒಂದು ಊರು, ಆಚೆ ಬದಿ ಇನ್ನೊಂದು. ನಡುವೆ ಹೊಲವಿಲ್ಲ, ಹಳ್ಳವಿಲ್ಲ. ಆದರೂ ಪ್ರತಿಯೊಂದಕ್ಕೂ ಅದರದೇ ಮೇಯರು, ಅದರದೇ ಸದಸ್ಯರು, ಅದರದೇ ತೆರಿಗೆ. ಹೊರಗಿನಿಂದ ಬಂದ ಒಂದು ಸಣ್ಣ ಜನಾಂಗ ಮಹಾನಗರದಲ್ಲಿ ನೆಲೆಸಿದರೆ ಸಮುದ್ರಕ್ಕೆ ಹಾಕಿದ ಬೆಲ್ಲವಾಗುತ್ತದೆ. ಇಂಥ ಪುಟ್ಟ ಊರಿನಲ್ಲಿ ನೆಲೆಸಿದರೆ ನಾಲ್ಕು ಓಟು ಒಟ್ಟಾದ ಕಡೆ ಒಬ್ಬ ಸದಸ್ಯನಾದರೂ ಆರಿಸಿ ಬರುತ್ತಾನೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಊರಿನ ಹುಟ್ಟು ಬಹಳ ಹಳೆಯದೇನಲ್ಲ. ನ್ಯೂಯಾರ್ಕಿನ ಆಲ್-ಸ್ಟೇಟ್ ಪ್ರಾಪರ್ಟೀಸ್ ಎಂಬ ಕಂಪನಿಯ ಹರ್ಬರ್ಟ್ ಸ್ಯಾಡ್ಕಿನ್ ಎಂಬವರು ಇಲ್ಲಿ ಜಾಗ ತೆಗೆದುಕೊಂಡು ಬಡಾವಣೆ ಮಾಡಲು ಹೊರಟರು. ಇಟ್ಟುಕೊಂಡಿದ್ದ ಹೆಸರು ಸನ್ನಿಡೇಲ್. ಅದು ಬೇಡವೆಂದವರು ವಿಲಿಯಂ ಸಫೈರ್. ಆಗ ಅವರು ಪ್ರಚಾರದ ಕೆಲಸ ಮಾಡುತ್ತಿದ್ದರು. ಮುಂದೆ ಹೆಸರುವಾಸಿ ಪತ್ರಿಕಾ ಅಂಕಣಕಾರರಾದರು. ಲಾಡರ್‌ಹಿಲ್ ಎಂಬ ಹೆಸರು ಸೂಚಿಸಿದವರೂ ಅವರೇ. ಹಿಲ್ ಎಂದರೆ ಗುಡ್ಡ. ಅಲ್ಲಿ ಗುಡ್ಡವೆಲ್ಲಿ ಬಂತು? ನೆಲವೆಲ್ಲ ರೊಟ್ಟಿ ತಟ್ಟಿದ ಹಾಗೆ ಸಪಾಟು. ಜೌಗು ಭೂಮಿಗೆ ಕಾಲುವೆ ತೋಡಿ ನೀರು ಬಸಿದು ಮಾಡಿದ ಜಾಗ. ಗುಡ್ಡವೇ ಇಲ್ಲವಲ್ಲ ಎಂದು ಸ್ಯಾಡ್ಕಿನ್ ಕೇಳಿದರೆ, ಪಕ್ಕದ ಲಾಡರ್‌ಡೇಲ್‌ನಲ್ಲಿ ಮಾತ್ರ ಡೇಲ್, ಅಂದರೆ ಕಣಿವೆ, ಎಲ್ಲಿದೆ ಎಂಬ ಅರ್ಥದ ಉತ್ತರ ಬಂತಂತೆ. ಅಲ್ಲಿಗೆ ಹೆಸರು ಗಟ್ಟಿಯಾಯಿತು. 1959ರಲ್ಲಿ ಊರಿಗೆ ಪುರಸಭೆ ಬಂತು.

ಅದೇ 1959ರ ಜುಲೈನಲ್ಲಿ ಮಾಸ್ಕೋದಲ್ಲಿ ಅಮೆರಿಕದ ಒಂದು ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಇದೇ ಕಂಪನಿ ಒಂದು ಮಾದರಿ ಮನೆ ಕಟ್ಟಿ ನಿಲ್ಲಿಸಿತ್ತು. ರಷ್ಯದ ನಾಯಕ ಕ್ರುಶ್ಚೇವ್ ಮತ್ತು ಆಗ ಅಮೆರಿಕದ ಉಪಾಧ್ಯಕ್ಷರಾಗಿದ್ದ ನಿಕ್ಸನ್ ಆ ಮನೆಯ ಅಡಿಗೆಕೋಣೆಯ ಮುಂದೆ ನಿಂತು, ನಿಮ್ಮ ಪದ್ಧತಿ ಮೇಲೋ ನಮ್ಮದು ಮೇಲೋ ಎಂದು ಜಗಳವಾಡಿದ್ದು ಇತಿಹಾಸದಲ್ಲಿ ಅಡಿಗೆಮನೆ ವಾಗ್ವಾದವೆಂದೇ ದಾಖಲಾಗಿದೆ. ಆಮೇಲೆ ಆ ಕಂಪನಿ ಮನೆಗಳನ್ನು ನ್ಯೂಯಾರ್ಕಿನ ಮೇಸೀಸ್ ಅಂಗಡಿಯಲ್ಲಿಟ್ಟು ಮಾರಿತು. ಸೀರೆ, ಬೂಟು ಕೊಳ್ಳುವ ಅಂಗಡಿಯಲ್ಲಿ ಮನೆಯನ್ನೇ ಕೊಳ್ಳಬಹುದು! ಮಂಚ, ಕುರ್ಚಿ, ತಟ್ಟೆ ಲೋಟ, ಹಲ್ಲುಜ್ಜುವ ಬ್ರಷ್ಷಿನವರೆಗೆ ಎಲ್ಲವೂ ಮನೆಯೊಂದಿಗೆ ಸೇರಿ ಬರುತ್ತಿತ್ತು. ಅಂಥ ಮನೆಗಳು ಲಾಡರ್‌ಹಿಲ್‌ನಲ್ಲೂ ಎದ್ದವು.

ಹೀಗೆ ಬಂದು ನೆಲೆಸಿದವರು ಬಿಳಿಯರು, ಅದರಲ್ಲೂ ನ್ಯೂಯಾರ್ಕಿನ ಚಳಿಗೆ ಬೇಸತ್ತ ನಿವೃತ್ತರು. ಯಹೂದಿಗಳ ಸಂಖ್ಯೆ ಹೆಚ್ಚು. ಇನ್ವೆರರಿ ಎಂಬ ಭಾಗದಲ್ಲಿ ಗಾಲ್ಫ್ ಮೈದಾನ, ಅದರ ಸುತ್ತ ಮಹಡಿ ಮನೆಗಳು. ಟಿ.ವಿ.ಯ ಹಾಸ್ಯನಟ ಜಾಕಿ ಗ್ಲೀಸನ್ ಅಲ್ಲೇ ಮನೆ ಮಾಡಿಕೊಂಡಿದ್ದರು. 1972ರಿಂದ ಅವರ ಹೆಸರಿನಲ್ಲಿ ದೊಡ್ಡ ಗಾಲ್ಫ್ ಪಂದ್ಯ ನಡೆಯುತ್ತಿತ್ತು. 1987ರಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ. ಆ ಕಾಲದ ಲಾಡರ್‌ಹಿಲ್‌ನಲ್ಲಿ ನಿಂತು, ಮುಂದೆ ಇಲ್ಲಿ ಜಮೈಕಾದವರು ಮೇಯರ್ ಆಗುತ್ತಾರೆ ಎಂದಿದ್ದರೆ ಯಾರೂ ನಂಬುತ್ತಿರಲಿಲ್ಲ.

ಹಾಗಾದರೆ ಕೆರಿಬಿಯನ್ ಮಂದಿ ಬಂದದ್ದು ಹೇಗೆ?

ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್ ಮುಂತಾದವು ಬ್ರಿಟಿಷರ ಕೈಯಲ್ಲಿದ್ದ ದ್ವೀಪಗಳು. ಆಫ್ರಿಕದಿಂದ ಗುಲಾಮರನ್ನು ತಂದು ಕಬ್ಬು ಬೆಳೆಸಿದ ನೆಲ. ಗುಲಾಮಗಿರಿ ಹೋದ ಮೇಲೂ ಬಡತನ ಹೋಗಲಿಲ್ಲ. ಹೊಟ್ಟೆಪಾಡಿಗೆ ಹೊರಗೆ ಹೋಗಬೇಕು. ಹೊರಗೆ ಎಂದರೆ ಮೊದಲು ಇಂಗ್ಲೆಂಡು. 1962ರಲ್ಲಿ ಇಂಗ್ಲೆಂಡು ಕಾಯಿದೆ ಮಾಡಿ ಬಾಗಿಲು ಮುಚ್ಚತೊಡಗಿತು. ಅಮೆರಿಕದಲ್ಲಿ ಆಗ 1952ರ ಕಾಯಿದೆ ಇತ್ತು. ಅದರ ಪ್ರಕಾರ ಒಂದೊಂದು ವಸಾಹತಿನಿಂದ ವರ್ಷಕ್ಕೆ ಬರೀ 100 ಜನರಿಗೆ ಪ್ರವೇಶ. 1965ರಲ್ಲಿ ಅಮೆರಿಕ ಆ ಕಾಯಿದೆಯನ್ನು ಬದಲಿಸಿತು. ಒಂದು ಬಾಗಿಲು ಮುಚ್ಚುವಾಗ ಇನ್ನೊಂದು ತೆರೆಯಿತು. ಮೊದಲು ಹೋದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು: ದಾದಿಯರು, ಮುದುಕರ ಆರೈಕೆಗೆ ನಿಲ್ಲುವವರು, ಮನೆಗೆಲಸದವರು. ಗಂಡ, ಮಕ್ಕಳು ಆಮೇಲೆ. ಅವರ ಮೊದಲ ನೆಲೆ ನ್ಯೂಯಾರ್ಕಿನ ಬ್ರೂಕ್ಲಿನ್.

ಅಲ್ಲಿ ಇಪ್ಪತ್ತು ವರ್ಷ ದುಡಿದು ನಾಲ್ಕು ಕಾಸು ಕೂಡಿಟ್ಟವರಿಗೆ ಸ್ವಂತ ಮನೆ, ಹಿತ್ತಲಲ್ಲಿ ಒಂದು ಮಾವಿನ ಮರ ಬೇಡವೇ? ಬ್ರೂಕ್ಲಿನ್ ಹಿಮದಲ್ಲಿ ಮಾವು ಬೆಳೆಯುವುದಿಲ್ಲ. ಫ್ಲಾರಿಡಾದಲ್ಲಿ ಬೆಳೆಯುತ್ತದೆ, ಹವೆಯೂ ತಮ್ಮ ದ್ವೀಪದ್ದೇ. ಫೋರ್ಟ್ ಲಾಡರ್‌ಡೇಲ್‌ನಿಂದ ಜಮೈಕಾಕ್ಕೆ ವಿಮಾನದಲ್ಲಿ ಎರಡು ಗಂಟೆಯೂ ಹಿಡಿಯುವುದಿಲ್ಲ. ಜಮೈಕಾದಿಂದ ನೇರವಾಗಿ ಬಂದವರೂ ಉಂಟು. 1980ರ ಚುನಾವಣೆಯ ವರ್ಷದಲ್ಲಿ ಅಲ್ಲಿ ನೂರಾರು ಜನ ಕೊಲೆಯಾದರು. ಕೈಲಾದವರು ಊರು ಬಿಟ್ಟರು. ಇನ್ನೊಂದು ಕಡೆ, 1943ರಿಂದ 1990ರ ದಶಕದ ನಡುವಿನವರೆಗೆ ಜಮೈಕಾದ ಗಂಡಸರನ್ನು ಫ್ಲಾರಿಡಾದ ಕಬ್ಬು ಕಡಿಯಲು ಹಂಗಾಮಿಗೆ ಕರೆತಂದು, ಹಂಗಾಮು ಮುಗಿದ ಕೂಡಲೇ ವಾಪಸು ಕಳಿಸುತ್ತಿದ್ದರು. ಕಬ್ಬಿನ ಟೋಳಿಗಳನ್ನು ಕಂಡ ಸೊಲ್ಲಾಪುರ, ಜತ್ತ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೈಟಿಯವರ ಕಥೆ ಬೇರೆ. ಅದು ಫ್ರೆಂಚರ ವಸಾಹತಾಗಿದ್ದ ದೇಶ. ಗುಲಾಮರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರರಾದರು. ಆಮೇಲಿನ ಸರ್ವಾಧಿಕಾರಿಗಳ ಕಾಟಕ್ಕೆ ತಾಳಲಾರದೆ 1970ರ ದಶಕದಿಂದ ಮರದ ದೋಣಿಗಳಲ್ಲಿ ಕಡಲು ದಾಟಿ ಫ್ಲಾರಿಡಾಕ್ಕೆ ಬರತೊಡಗಿದರು. ಕ್ಯೂಬಾದಿಂದ ಬಂದವರಿಗೆ ಅಮೆರಿಕ ಕಾಗದಪತ್ರ ಕೊಟ್ಟಿತು. ಹೈಟಿಯವರನ್ನು ನಡುಗಡಲಿನಿಂದಲೇ ಹಿಂದಕ್ಕೆ ಕಳಿಸಿತು. ಆದರೂ ಬಂದವರು ಬಂದರು.

ಇತ್ತ ಊರಿನಲ್ಲಿ ಏನಾಯಿತು? ಬಣ್ಣ ನೋಡಿ ಮನೆ ಮಾರಲು ಒಲ್ಲೆನೆನ್ನುವುದು ತಪ್ಪೆಂದು 1968ರಲ್ಲಿ ಕಾಯಿದೆ ಬಂದಿತ್ತು. ಮುದುಕರಾದ ಮೊದಲ ನಿವಾಸಿಗಳು ಒಬ್ಬೊಬ್ಬರಾಗಿ ತೀರಿಕೊಂಡರು. ಅವರ ಮಕ್ಕಳು ಇನ್ನೂ ಪಶ್ಚಿಮದ ಹೊಸ ಬಡಾವಣೆಗಳಿಗೆ ಹೋದರು. ಕಪ್ಪು ಜನ ಬಂದರೆಂದೇ ಮನೆ ಮಾರಿ ಹೋದವರೂ ಕಡಿಮೆಯಿಲ್ಲ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2000ದ ಜನಗಣತಿಯ ಹೊತ್ತಿಗೆ ಊರಿನ ಅರ್ಧಕ್ಕಿಂತ ಹೆಚ್ಚು ಜನ ಕಪ್ಪು ವರ್ಣದವರಾಗಿದ್ದರು. ಈಗ ಮುಕ್ಕಾಲು ಪಾಲು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಹೊರದೇಶದಲ್ಲಿ ಹುಟ್ಟಿದವರು.

ಊರನ್ನು ಹಾದುಹೋಗುವ 441ನೇ ನಂಬರಿನ ಹೆದ್ದಾರಿಯ ಇಬ್ಬದಿಯಲ್ಲಿ ಅವರ ಅಂಗಡಿಗಳು. ಅರಿಸಿನ ಹಾಕಿ ನಾದಿದ ಕಣಕದೊಳಗೆ ಮಾಂಸ ತುಂಬಿ ಕಡುಬಿನಂತೆ ಮಡಿಸಿ ಸುಟ್ಟ ಪ್ಯಾಟಿ, ಕೆಂಡದ ಮೇಲೆ ಬೇಯಿಸಿದ ಖಾರದ ಕೋಳಿ, ಮೇಕೆ ಮಾಂಸದ ಕರಿ. ಆ ಅರಿಸಿನ, ಆ ಕರಿ ಎಲ್ಲಿಂದ ಬಂತು ಅಂತೀರಾ? ನಮ್ಮ ದೇಶದಿಂದಲೇ. ಗುಲಾಮಗಿರಿ ಹೋದ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಾಗಿ 1838ರಿಂದ 1917ರವರೆಗೆ ಬ್ರಿಟಿಷರು ಕಲ್ಕತ್ತ, ಮದರಾಸು ಬಂದರುಗಳಿಂದ ನಮ್ಮ ಜನರನ್ನು ಕರಾರಿನ ಮೇಲೆ ಹಡಗು ಹತ್ತಿಸಿದರು. ಗಯಾನಾಕ್ಕೆ 1838ರಲ್ಲಿ, ಜಮೈಕಾ ಮತ್ತು ಟ್ರಿನಿಡಾಡಿಗೆ 1845ರಲ್ಲಿ ಮೊದಲ ಹಡಗುಗಳು ಮುಟ್ಟಿದವು. ಅವರ ಮರಿಮಕ್ಕಳು ಇಂದು ದಕ್ಷಿಣ ಫ್ಲಾರಿಡಾದಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದಾರೆ. ದಾಲ್‌ಪುರಿ ಎಂಬುದೊಂದು ರೊಟ್ಟಿ ಮಾಡುತ್ತಾರೆ. ಬೇಳೆ ಬೇಯಿಸಿ ಪುಡಿ ಮಾಡಿ ಜೀರಿಗೆ, ಮೆಣಸಿನಕಾಯಿ ಬೆರೆಸಿ ಕಣಕದಲ್ಲಿ ತುಂಬಿ ಲಟ್ಟಿಸುವುದು. ಬೆಲ್ಲ ಬಿಟ್ಟು ಖಾರ ಹಾಕಿದ ಹೋಳಿಗೆ ಎನ್ನಿ, ಮುಗಿಯಿತು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಆಯುಸ್ಸು ಕಳೆದ ನನಗೆ ಈ ಜನರ ಸಂಗತಿಯಲ್ಲಿ ಎಲ್ಲಕ್ಕಿಂತ ರುಚಿಸಿದ್ದು ರೊಟ್ಟಿಯಲ್ಲ, ಅವರ ದುಡ್ಡಿನ ವ್ಯವಹಾರ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾವು ಚೀಟಿ ಎನ್ನುವುದನ್ನು ಅಕ್ಕಲಕೋಟ, ಸೊಲ್ಲಾಪುರದ ಕಡೆ ಭಿಶಿ ಎನ್ನುತ್ತೀರಿ, ಕಾಸರಗೋಡಿನಲ್ಲಿ ಕುರಿ, ಹೊಸೂರು ತಾಳವಾಡಿಯಲ್ಲಿ ಚೀಟು. ಜಮೈಕಾದವರು ಅದನ್ನೇ ಪಾರ್ಡ್‌ನರ್ ಎನ್ನುತ್ತಾರೆ, ಟ್ರಿನಿಡಾಡಿನವರು ಸೂಸು, ಹೈಟಿಯವರು ಸೋಲ್, ಗಯಾನಾದವರು ಬಾಕ್ಸ್ ಹ್ಯಾಂಡ್. ಬೇರು ಆಫ್ರಿಕದ್ದು, ಪಶ್ಚಿಮ ಆಫ್ರಿಕದ ಯೊರುಬಾ ಜನ ಎಸುಸು ಎನ್ನುತ್ತಿದ್ದರು. ಕೈಕಾಲಿಗೆ ಸರಪಳಿ ಹಾಕಿಸಿಕೊಂಡು ಬಂದವರು ಈ ಒಂದು ವಿದ್ಯೆಯನ್ನು ಮಾತ್ರ ಬಿಡದೆ ತಂದರು ನೋಡಿ.

ಲೆಕ್ಕ ಹೀಗೆ. ಹನ್ನೆರಡು ಜನ ಸೇರುತ್ತಾರೆ. ಪ್ರತಿಯೊಬ್ಬರೂ ವಾರಕ್ಕೆ 100 ಡಾಲರ್ ಹಾಕಬೇಕು. ಈ ಕಂತಿಗೆ ಅವರ ಮಾತಿನಲ್ಲಿ ಹ್ಯಾಂಡ್ ಎಂದು ಹೆಸರು. ವಾರಕ್ಕೊಬ್ಬರಂತೆ 1,200 ಡಾಲರ್ ಎತ್ತುತ್ತಾರೆ, ಅದು ಡ್ರಾ. ನಡೆಸುವವರಿಗೆ ಬ್ಯಾಂಕರ್ ಎನ್ನುತ್ತಾರೆ. ಸಾಮಾನ್ಯವಾಗಿ ಓಣಿಯಲ್ಲಿ ಹೆಸರು ಉಳಿಸಿಕೊಂಡ ಹಿರಿಯ ಹೆಂಗಸು. ನಮ್ಮ ಹರಾಜು ಚೀಟಿಯಲ್ಲಿ ಅವಸರವಿದ್ದವನು ಕಡಿಮೆಗೆ ಕೂಗಿ ಎತ್ತುತ್ತಾನೆ, ಉಳಿದವರಿಗೆ ಲಾಭ ಹಂಚಿಕೆಯಾಗುತ್ತದೆ. ಅಲ್ಲಿ ಹರಾಜಿಲ್ಲ, ಬಡ್ಡಿಯಿಲ್ಲ. ಹಾಕಿದಷ್ಟೇ ಬರುತ್ತದೆ. ಯಾರಿಗೆ ಯಾವ ವಾರ ಎಂಬುದನ್ನು ಬ್ಯಾಂಕರ್ ತೀರ್ಮಾನಿಸುತ್ತಾಳೆ. ಮಗಳ ಕಾಲೇಜು ಫೀಸು, ಊರಲ್ಲಿ ಸಾವು, ಇಂಥ ಅವಸರ ಇದ್ದವರಿಗೆ ಮೊದಲು.

ಬಡ್ಡಿಯಿಲ್ಲದ ಮೇಲೆ ಇದರಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಮೊದಲು ಎತ್ತಿದವನಿಗೆ ಅದು ಬಡ್ಡಿಯಿಲ್ಲದ ಸಾಲ. ಕೊನೆಗೆ ಎತ್ತುವವನಿಗೆ ಕೈ ಜಾರದ ಉಳಿತಾಯ. ಅಮೆರಿಕದ ಬ್ಯಾಂಕು ಸಾಲ ಕೊಡುವುದು ಹಿಂದಿನ ಸಾಲದ ಚರಿತ್ರೆ ನೋಡಿ. ಹೊಸದಾಗಿ ಬಂದವನಿಗೆ ಅಲ್ಲಿ ಚರಿತ್ರೆಯೇ ಇಲ್ಲ. ಎಷ್ಟು ಪ್ರಾಮಾಣಿಕನಾದರೂ ಅವನು ಕಾಗದದ ಮೇಲೆ ಸೊನ್ನೆ. ಪಾರ್ಡ್‌ನರ್ ಬ್ಯಾಂಕರಿಗೆ ಕಾಗದ ಬೇಡ. ಇವನ ತಾಯಿ ಯಾರು, ಯಾವ ಚರ್ಚಿಗೆ ಹೋಗುತ್ತಾನೆ, ಹಿಂದಿನ ಸಲ ಕಂತು ತಪ್ಪಿಸಿದನೇ ಎಂದು ಅವಳಿಗೆ ಗೊತ್ತು. ಹೀಗೆ ಎತ್ತಿದ ದುಡ್ಡನ್ನು ಮುಂಗಡ ಕಟ್ಟಿ ಎಷ್ಟೋ ಕುಟುಂಬಗಳು ಮನೆ ಕೊಂಡವು. ನಮ್ಮಲ್ಲಿ 1982ರ ಚೀಟಿ ನಿಧಿ ಕಾಯಿದೆ ಇದೆ, ನೋಂದಣಿ ಇದೆ. ಪಾರ್ಡ್‌ನರಿಗೆ ಅಂಥದ್ದೇನೂ ಇಲ್ಲ. ಬ್ಯಾಂಕರ್ ಓಡಿಹೋದರೆ ಹಣ ಹೋಯಿತು. ಹಾಗೆ ಕಳೆದುಕೊಂಡವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಹನ್ನೆರಡು ಜನರ ಚೀಟಿ ಒಳ್ಳೆಯದು, ನೂರಿಪ್ಪತ್ತು ಜನರದ್ದು ಅಪಾಯ. ಮುಖ ಪರಿಚಯ ತಪ್ಪಿದ ಕಡೆ ರಸೀದಿ ಇರಲೇಬೇಕು.

ಇನ್ನು ಊರಿಗೆ ಕಳಿಸುವ ಹಣ. ಹೊರದೇಶಗಳಲ್ಲಿರುವ ಜಮೈಕಾದವರು ಈಗ ವರ್ಷಕ್ಕೆ 300 ಕೋಟಿ ಡಾಲರಿಗೂ ಮಿಕ್ಕಿ ಮನೆಗೆ ಕಳಿಸುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕದಿಂದ. ಹಣವಲ್ಲದೆ ಪೀಪಾಯಿ ಕಳಿಸುವ ವಾಡಿಕೆ ಬೇರೆ. ದೊಡ್ಡ ಪೀಪಾಯಿ ಮನೆಯ ಮೂಲೆಯಲ್ಲಿಟ್ಟು, ಅಕ್ಕಿ, ಎಣ್ಣೆ, ಸಾಬೂನು, ಡಬ್ಬಿ ಮೀನು, ಮಕ್ಕಳ ಶಾಲೆಯ ಬೂಟು ಎಂದು ತಿಂಗಳುಗಟ್ಟಲೆ ತುಂಬಿ ಹಡಗಿಗೆ ಹಾಕುತ್ತಾರೆ. ತಾಯಿ ಅಮೆರಿಕದಲ್ಲಿ, ಮಗು ಅಜ್ಜಿಯ ಹತ್ತಿರ. ಹಾಗೆ ಬೆಳೆದ ಮಕ್ಕಳಿಗೆ ಜಮೈಕಾದಲ್ಲಿ ಪೀಪಾಯಿ ಮಕ್ಕಳು ಎಂದೇ ಹೆಸರು ಬಿದ್ದಿದೆ. ಹೊಟ್ಟೆಗೆ ಕಡಿಮೆಯಿಲ್ಲ, ತಾಯಿಯ ಮುಖವಿಲ್ಲ. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಎಂಬ ಭೀಕರ ಚಂಡಮಾರುತ ಜಮೈಕಾದ ಪಶ್ಚಿಮ ಭಾಗವನ್ನು ಬಡಿದು ಮನೆಗಳ ಸೂರು ಕಿತ್ತೊಯ್ದಾಗ ದಕ್ಷಿಣ ಫ್ಲಾರಿಡಾದ ಜಮೈಕಾದವರು ಟಾರ್ಪಾಲು, ಔಷಧಿ, ನೀರು, ಜನರೇಟರ್ ಕೂಡಿಹಾಕಿ ಕಳಿಸಿದರು. ತಮ್ಮ ತಲೆಯ ಮೇಲೂ ಅದೇ ಗಾಳಿ ಬೀಸುತ್ತದೆಂದು ಅವರಿಗೆ ಗೊತ್ತು. 2005ರ ಅಕ್ಟೋಬರಿನಲ್ಲಿ ವಿಲ್ಮಾ ಎಂಬ ಚಂಡಮಾರುತ ಬ್ರೋವರ್ಡ್ ಜಿಲ್ಲೆಯ ಮೇಲೆಯೇ ಹಾದುಹೋಗಿತ್ತು.

ಈಗ ಓಟಿನ ಮಾತಿಗೆ ಬರೋಣ. ಜಮೈಕಾದಲ್ಲಿ ಹುಟ್ಟಿದ ಹೇಝಲ್ ರಾಜರ್ಸ್ ಎಂಬ ಮಹಿಳೆ 1996ರಲ್ಲಿ ಲಾಡರ್‌ಹಿಲ್ ನಗರಸಭೆಗೆ ಆರಿಸಿ ಬಂದರು. 2008ರಲ್ಲಿ ಫ್ಲಾರಿಡಾದ ಶಾಸನಸಭೆಗೂ ಹೋದರು. ಜಮೈಕಾ ಮೂಲದ ಡೆನೀಸ್ ಗ್ರಾಂಟ್ 2024ರಲ್ಲಿ ಮೇಯರ್ ಆದರು. ಓಕ್‌ಲ್ಯಾಂಡ್ ಪಾರ್ಕ್ ರಸ್ತೆಯ ಒಂದು ಭಾಗಕ್ಕೆ ಗಾಯಕ ಬಾಬ್ ಮಾರ್ಲಿಯ ಹೆಸರನ್ನೂ ಕೊಟ್ಟಿದ್ದಾರೆ.

ಆದರೆ ಎಲ್ಲಕ್ಕೂ ದೊಡ್ಡ ಗಳಿಕೆ ಆ ಮೈದಾನ. 2000ದಲ್ಲಿ ಉದ್ಯಾನಗಳಿಗಾಗಿ 40 ಕೋಟಿ ಡಾಲರ್ ಸಾಲ ಎತ್ತುವ ಪ್ರಶ್ನೆಯನ್ನು ಬ್ರೋವರ್ಡ್ ಜಿಲ್ಲೆ ಮತದಾರರ ಮುಂದಿಟ್ಟಿತು, ಜನ ಒಪ್ಪಿದರು. ಅಂದಿನ ಮೇಯರ್ ರಿಚರ್ಡ್ ಕಪ್ಲಾನ್ ಬಿಳಿಯರು, ಕ್ರಿಕೆಟ್ ಆಡಿ ಬೆಳೆದವರಲ್ಲ. ಆದರೂ ತಮ್ಮ ಮತದಾರರು ಯಾರೆಂದು ಬಲ್ಲವರು. ನಮ್ಮ ಊರಲ್ಲಿ ಕ್ರಿಕೆಟ್ ಮೈದಾನವಾಗಲಿ, 2007ರ ವೆಸ್ಟ್ ಇಂಡೀಸ್ ವಿಶ್ವಕಪ್ಪಿನ ಕೆಲವು ಪಂದ್ಯ ಇಲ್ಲಿಗೆ ಬರಲಿ ಎಂದು ಹಟ ಹಿಡಿದರು. ವಿಶ್ವಕಪ್ ಬರಲಿಲ್ಲ. 2007ರ ಏಪ್ರಿಲ್‌ನಲ್ಲಿ ಅದು ಮುಗಿದೂ ಹೋಯಿತು. ಮೈದಾನ ತೆರೆದದ್ದು ನವೆಂಬರಿನಲ್ಲಿ! ಮದುವೆ ಮುಗಿದ ಮೇಲೆ ಚಪ್ಪರ ಬಂತು. ಉದ್ಯಾನವೂ ಸೇರಿ ಖರ್ಚು ಸುಮಾರು 7 ಕೋಟಿ ಡಾಲರ್. ಮೊದಲ ಅಂತರರಾಷ್ಟ್ರೀಯ ಪಂದ್ಯ, ನ್ಯೂಜಿಲೆಂಡ್ ಮತ್ತು ಶ್ರೀಲಂಕಾ ನಡುವೆ, 2010ರ ಮೇ ತಿಂಗಳಲ್ಲಿ.

ಇದು ದುಂದುವೆಚ್ಚವೆಂದು ಟೀಕಿಸುವವರು ಇದ್ದಾರೆ. ವರ್ಷದಲ್ಲಿ ದೊಡ್ಡ ಪಂದ್ಯ ಬೆರಳೆಣಿಕೆಯಷ್ಟು. ಕೊನೆಗೆ 2024ರಲ್ಲಿ ಟಿ-20 ವಿಶ್ವಕಪ್ ಬಂತಲ್ಲ, ಆಗಲೂ ನಾಲ್ಕು ಪಂದ್ಯಗಳಲ್ಲಿ ಮೂರು ಮಳೆಗೆ ಬಲಿಯಾದವು. ಭಾರತ ಮತ್ತು ಕೆನಡಾ ಪಂದ್ಯ ಒಂದೂ ಚೆಂಡು ಕಾಣಲಿಲ್ಲ. ಜೂನಿನಲ್ಲಿ ಫ್ಲಾರಿಡಾದಲ್ಲಿ ಮಳೆ ಎಂಬುದು ಶಾಲೆಯ ಮಗುವಿಗೂ ಗೊತ್ತು. ಪಂದ್ಯ ಗೊತ್ತುಮಾಡಿದವರಿಗೆ ಗೊತ್ತಿರಲಿಲ್ಲವೇ? ಇಷ್ಟಾದರೂ ಮೈದಾನ ಕಟ್ಟಿದ್ದು ಸರಿಯೆಂದೇ ನನಗೆ ತೋರುತ್ತದೆ. ಗಾಲ್ಫ್ ಆಡುವವರಿಗೆ ಊರು ಅಷ್ಟೊಂದು ಹುಲ್ಲು ಬಿಟ್ಟಿತ್ತು. ತೆರಿಗೆ ಕಟ್ಟುವ ದಾದಿ, ಬಸ್ ಡ್ರೈವರು ತಮ್ಮ ಮಕ್ಕಳಿಗೊಂದು ಪಿಚ್ ಕೇಳಿದ್ದು ಹೆಚ್ಚಾಯಿತೇ?

ಮೈದಾನ ಗೆದ್ದ ಈ ಜನ ಒಂದನ್ನು ಮಾತ್ರ ಗೆದ್ದಿಲ್ಲ. ಅದು ನುಡಿಯ ಸಂಗತಿ. ನಮಗೆ ಹತ್ತಿರದ ಸಂಗತಿಯೂ ಅದೇ.

ಜಮೈಕಾದವರು ಮನೆಯಲ್ಲಿ ಆಡುವುದು ಪಟ್ವಾ. ಶಬ್ದಗಳಲ್ಲಿ ಬಹುಪಾಲು ಇಂಗ್ಲಿಷಿನವು, ಆದರೆ ನಡಿಗೆ ಬೇರೆ. ಮಗುವಿಗೆ ಪಿಕ್ನಿ ಎನ್ನುತ್ತಾರೆ, ಅದು ಪೋರ್ಚುಗೀಸ್ ಬೇರಿನದು. ತಿನ್ನುವುದಕ್ಕೆ ನ್ಯಾಮ್, ಅದು ಆಫ್ರಿಕದ್ದು. ಹೈಟಿಯವರ ನುಡಿ ಕ್ರೆಯೋಲ್. ಶಬ್ದ ಹೆಚ್ಚಾಗಿ ಫ್ರೆಂಚ್, ವ್ಯಾಕರಣ ಅದರದೇ. ಎರಡೂ ಗುಲಾಮರ ತೋಟದಲ್ಲಿ ಹುಟ್ಟಿದವು. ಎರಡನ್ನೂ ಧಣಿಗಳು ಮುರುಕು ಮಾತು ಎಂದು ಹಳಿದರು. ಹೈಟಿಯವರು ಏನು ಮಾಡಿದರು? ಸುಮಾರು 1980ರ ಹೊತ್ತಿಗೆ ಅಧಿಕೃತ ಕಾಗುಣಿತ ಗೊತ್ತುಮಾಡಿದರು. 1987ರ ಸಂವಿಧಾನದಲ್ಲಿ ಫ್ರೆಂಚಿನೊಂದಿಗೆ ಕ್ರೆಯೋಲನ್ನೂ ಆಡಳಿತ ಭಾಷೆ ಮಾಡಿದರು. ಜಮೈಕಾದಲ್ಲಿ ಪಟ್ವಾಕ್ಕೂ ಫ್ರೆಡರಿಕ್ ಕ್ಯಾಸಿಡಿ ಎಂಬ ವಿದ್ವಾಂಸರು 1961ರಲ್ಲೇ ಬರವಣಿಗೆಯ ಪದ್ಧತಿ ರೂಪಿಸಿ ಕೊಟ್ಟಿದ್ದರು. ಸರ್ಕಾರ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2012ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಪಟ್ವಾದಲ್ಲಿ ಅಚ್ಚಾದಾಗ, ದೇವರ ಮಾತು ಸಂತೆಯ ಭಾಷೆಯಲ್ಲೇ ಎಂದು ಮೂಗು ಮುರಿದವರು ಜಮೈಕಾದವರೇ.

ಫ್ಲಾರಿಡಾ 1988ರಲ್ಲಿ ಮತ ಹಾಕಿ ಇಂಗ್ಲಿಷನ್ನು ರಾಜ್ಯಭಾಷೆ ಮಾಡಿಕೊಂಡ ರಾಜ್ಯ. ಆದರೆ ಇಂಗ್ಲಿಷ್ ಬಾರದ ಮಕ್ಕಳಿಗೆ ಅರ್ಥವಾಗುವಂತೆ ಪಾಠ ಹೇಳಲೇಬೇಕೆಂದು 1990ರಲ್ಲಿ ನ್ಯಾಯಾಲಯದ ಮೂಲಕ ಒಂದು ಒಪ್ಪಂದವಾಯಿತು. ಅದು ಎಲ್ಲ ಸರ್ಕಾರಿ ಶಾಲೆಗಳಿಗೂ ಅನ್ವಯ. ಬ್ರೋವರ್ಡ್ ಶಾಲೆಗಳು ಪೋಷಕರಿಗೆ ಕಳಿಸುವ ನೋಟೀಸು ಇಂಗ್ಲಿಷ್, ಸ್ಪ್ಯಾನಿಷ್, ಪೋರ್ಚುಗೀಸುಗಳ ಜೊತೆಗೆ ಹೈಟಿಯ ಕ್ರೆಯೋಲಿನಲ್ಲೂ ಇರುತ್ತದೆ. ಪಟ್ವಾದಲ್ಲಿ ಇರುವುದಿಲ್ಲ. ಊರಿನಲ್ಲಿ ಹೆಚ್ಚು ಹಳಬರು, ಹೆಚ್ಚು ಓಟಿನವರು, ಮೇಯರ್ ಪಟ್ಟಕ್ಕೇರಿದವರು ಜಮೈಕಾದವರು. ಕಾಗದದ ಮೇಲೆ ತಮ್ಮ ನುಡಿ ಕಂಡವರು ಹೈಟಿಯವರು. ಹಾಗೆಂದು ಹೈಟಿಯವರ ಬಾಳು ಹಾಯಾಗಿದೆ ಎಂದಲ್ಲ. 2010ರ ಭೂಕಂಪದ ನಂತರ ಅನೇಕರಿಗೆ ಕೊಟ್ಟಿದ್ದ ತಾತ್ಕಾಲಿಕ ವಾಸದ ರಕ್ಷಣೆಯನ್ನು ನಿಲ್ಲಿಸುವುದಾಗಿ 2025ರಲ್ಲಿ ಅಮೆರಿಕ ಸರ್ಕಾರ ಸಾರಿತು. ವಿಷಯ ಕೋರ್ಟು ಹತ್ತಿತು. ನೋಟೀಸು ಅವರ ನುಡಿಯಲ್ಲಿದೆ, ಇರುವ ಹಕ್ಕು ತೂಗುಯ್ಯಾಲೆಯಲ್ಲಿದೆ.

ಪಟ್ವಾ ಬದುಕಿರುವುದು ಬಾಯಲ್ಲಿ. ಚರ್ಚಿನ ಮೆಟ್ಟಿಲ ಮೇಲೆ, ಕ್ಷೌರದ ಅಂಗಡಿಯಲ್ಲಿ, ಪಾರ್ಡ್‌ನರ್ ಬ್ಯಾಂಕರಿನ ಅಡಿಗೆಮನೆಯಲ್ಲಿ. ಮತ್ತೆ ನಮ್ಮ ಹಾಗೆಯೇ ರೇಡಿಯೋದಲ್ಲಿ. ಹತ್ತಿರದ ಡೇವಿ ಎಂಬ ಊರಿನ 1170 ಕಿಲೋಹರ್ಟ್ಸ್ ಬಾನುಲಿ ದಶಕಗಳ ಕಾಲ ಕೆರಿಬಿಯನ್ ಜನರಿಗಾಗಿ ಹಾಡು, ಸುದ್ದಿ ಬಿತ್ತರಿಸಿದೆ.

ನಾನು ಗಡಿಯ ಒಂದು ಶಾಖೆಯಲ್ಲಿದ್ದಾಗ ಅರ್ಜಿ ನಮೂನೆಗಳು ಎರಡು ಭಾಷೆಗಳಲ್ಲಿ ಇರುತ್ತಿದ್ದವು. ಎರಡೂ ಸುತ್ತಲಿನ ಹಳ್ಳಿಯವರ ಮನೆಮಾತಲ್ಲ. ಒಬ್ಬ ಮುದುಕಿ ಕಾಗದ ಹಿಡಿದು, "ಯಪ್ಪಾ, ಇದರಾಗ ನಾ ಎಲ್ಲಿ ಅದೀನಿ?" ಎಂದು ಕೇಳಿದ್ದಳು. ಹೆಬ್ಬೆಟ್ಟು ಒತ್ತುವ ಜಾಗ ತೋರಿಸಿದೆ. ನಮ್ಮ ಸಂವಿಧಾನದ 350ಎ ವಿಧಿ ಪ್ರಾಥಮಿಕ ಶಾಲೆಯಲ್ಲಿ ತಾಯ್ನುಡಿಯ ಪಾಠಕ್ಕೆ ಅನುಕೂಲ ಮಾಡಿಕೊಡಬೇಕೆನ್ನುತ್ತದೆ. ಆದರೆ ಆ ಮಗುವಿನ ತಾಯ್ನುಡಿ ಯಾವುದೆಂದು ಮೊದಲು ಯಾರಾದರೂ ಒಂದು ಖಾನೆಯಲ್ಲಿ ಬರೆದಿರಬೇಕಲ್ಲ.

ಫ್ಲಾರಿಡಾದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಪೋಷಕರ ಮುಂದೆ ಮೂರು ಪ್ರಶ್ನೆಗಳಿಡುತ್ತಾರೆ. ನಿಮ್ಮ ಮನೆಯಲ್ಲಿ ಇಂಗ್ಲಿಷಲ್ಲದೆ ಬೇರೆ ಭಾಷೆ ಬಳಸುತ್ತೀರಾ? ಮಗುವಿನ ಮೊದಲ ಭಾಷೆ ಇಂಗ್ಲಿಷಲ್ಲದೆ ಬೇರೆಯೇ? ಮಗು ಹೆಚ್ಚಾಗಿ ಆಡುವುದು ಇಂಗ್ಲಿಷಲ್ಲದ ಬೇರೆ ಭಾಷೆಯೇ? ಒಂದಕ್ಕೆ ಹೌದೆಂದರೂ ಸಾಕು, ಮಗುವನ್ನು ಪರೀಕ್ಷಿಸಿ ನೋಡುತ್ತಾರೆ. ಬೇಕಿದ್ದರೆ ಬೇರೆ ಪಾಠ ಕೊಡುತ್ತಾರೆ. ಹೈಟಿಯ ತಾಯಿ ಮೂರಕ್ಕೂ ಹೌದು ಎಂದು ಬರೆಯುತ್ತಾಳೆ. ಜಮೈಕಾದ ತಾಯಿ, ಬೆಳಗಿನಿಂದ ಮಗುವಿನೊಂದಿಗೆ ಪಟ್ವಾ ಬಿಟ್ಟು ಬೇರೆ ಆಡದವಳು, ಅದನ್ನೇ ಆಡುತ್ತ ಶಾಲೆಯ ಬಾಗಿಲವರೆಗೆ ಕೈಹಿಡಿದು ತಂದವಳು, ಸಾಮಾನ್ಯವಾಗಿ ಮೂರಕ್ಕೂ ಇಲ್ಲ ಎಂದು ಬರೆದು ಸಹಿ ಮಾಡುತ್ತಾಳೆ.